ಹುಟ್ಟು ಕಳೆದುಕೊಂಡ ಸಿಪಾಯಿ

ನೆರೆ ಬಂದಾಗ ನೆರೆಯವರೇ ಬರಬೇಕೆಂದೇನಿಲ್ಲ, ದಂಡೂ ಬರುತ್ತದೆ. ಈ ಸಲ ದಂಡಿನ ಜೊತೆ ಒಬ್ಬ ದಂಡಪಿಂಡವೂ ಬಂದಿದ್ದ. ಹಾಗಂತ ತನ್ನನ್ನು ಕರೆದುಕೊಂಡವನೂ ಅವನೇ. ಬಿ.ಎ. ಮುಗಿಸಿ ಸಿಪಾಯಿಯಾದವನು, ಯಾರ ದನಿಯನ್ನಾದರೂ ಕದಿಯುವುದರಿಂದ ಎಲ್ಲರ ಬಾಯಲ್ಲಿ ‘ಗಿಣಿ’. ಹಿಂದಿನ ದಿನವಷ್ಟೇ ವಾಕಿಟಾಕಿಯಲ್ಲಿ ಮೇಜರ್ ದನಿ ತೆಗೆದು, ಅಡುಗೆಯವನಿಂದ ಚಹಾ ತರಿಸಿಕೊಂಡು ಸಿಕ್ಕಿಬಿದ್ದಿದ್ದ.

ಈಗ ಮುಳುಗಿದ ಮನೆಯೊಂದರ ಮಹಡಿಯಿಂದ ಅಜ್ಜ-ಅಜ್ಜಿಯನ್ನು ದೋಣಿಗಿಳಿಸಿಕೊಂಡು, ಪಕ್ಕದ ಬ್ಯಾಂಕಿನ ಬೋರ್ಡಿಗೆ ಹುಟ್ಟು ಊರಿ, ಮಹಾ ಗತ್ತಿನಿಂದ ದೂಡಿದ. ದೋಣಿ ಬಂತು, ಹುಟ್ಟು ಬರಲಿಲ್ಲ. ಬೋರ್ಡಿನ ಸಂದಿಯಲ್ಲೇ ಠೇವಣಿಯಾಯಿತು. ಮುಂದೆ ಸೇತುವೆ, ಅದರಡಿ ನೀರು ಬೊಬ್ಬಿಡುತ್ತಿತ್ತು. ದಾರಿಯಲ್ಲಿ ಸಿಕ್ಕ ಬೀದಿದೀಪದ ಕಂಬವನ್ನು ಗಿಣಿ ಎರಡೂ ಕೈಯಲ್ಲಿ ತಬ್ಬಿಕೊಂಡ, ದೋಣಿಯನ್ನು ಕಾಲಲ್ಲೇ ತಡೆದ.

“ಅಜ್ಜಿ, ನನ್ನ ಎದೆ ಮೇಲಿರೋ ವಾಕಿಟಾಕಿ ಗುಂಡಿ ಒತ್ತಿ! ಸರ್, ಹುಟ್ಟು ಹೋಯ್ತು! ಮೋಟಾರು ದೋಣಿ ಕಳಿಸಿ!”

“ನಿನ್ನ ಹುಟ್ಟೇ ಸರಿಯಿಲ್ಲ ಬಿಡೋ,” ಮೇಜರ್ ನಕ್ಕರು. “ಇರೋದು ಒಂದೇ ಮೋಟಾರು. ನಿನ್ನ ಆಟಕ್ಕಲ್ಲ.”

“ಏನಪ್ಪಾ, ನಿಮ್ಮ ಹುಡುಗನ ಕೈ ಜಾರ್ತಾ ಇದೆ!” ಅಜ್ಜಿ ಕಿರುಚಿದರು.

“ಭೇಷ್! ಅಜ್ಜಿ ದನಿ ಹೊಸದು!” ಮೇಜರ್ ಇನ್ನೂ ಜೋರಾಗಿ ನಕ್ಕರು.

“ರೀ, ನಿಜಾ ಕಣ್ರೀ!” ಅಜ್ಜ ಗದರಿದರು.

“ಅಜ್ಜ ಒಂಚೂರು ಕೆಮ್ಮಬೇಕಿತ್ತು ಕಣೋ.”

ಕಲೆ ಕುತ್ತಿಗೆಗೆ ಬಂದಿತ್ತು. ಆದರೆ ಎಂಥ ಗಿಣಿಯೂ ಒಂದೇ ಕೊಕ್ಕಿನಲ್ಲಿ ಎರಡು ದನಿ ಒಟ್ಟಿಗೆ ತೆಗೆಯಲಾರದಲ್ಲ!

“ಇಬ್ಬರೂ ಒಟ್ಟಿಗೆ ಮಾತಾಡಿ, ದಮ್ಮಯ್ಯ!”

“ನೀವೇ ಹೇಳೀಂದ್ರೆ,” ಅಂದರು ಅಜ್ಜಿ.

“ಛೇ ಛೇ, ನೀನೇ ಹೇಳು,” ಅಂದರು ಅಜ್ಜ.

ದೋಣಿ ಹತ್ತುವವರೆಗೂ ಕಚ್ಚಾಡಿದವರಿಗೆ ಮರ್ಯಾದೆ ನೆನಪಾಗಲು ಇದೇ ಮುಹೂರ್ತ ಬೇಕಿತ್ತೆ! ಗಿಣಿಯ ಹಿಡಿತ ಒಂದು ಗೇಣು ಜಾರಿತು.

“ಗುಂಡಿ ಬಿಡಬೇಡಿ! ಅಲ್ಲಾ, ‘ಇಲ್ಲೀತನಕ ನೀರು ಬರಲ್ಲ, ಸುಮ್ನೆ ಮಲಗು’ ಅಂದೋರು ಯಾರು?”

“ಇವರೇ!” “ಇವಳೇ!” “ನಾನು ಬಡ್ಕೊಂಡೆ—” “ಏನ್ ಬಡ್ಕೊಂಡೆ, ಗೊರಕೆ ಹೊಡೀತಿದ್ದೆ—”

ಆ ಕಡೆ ನಗು ನಿಂತಿತು. “ಅಯ್ಯೋ, ಇಬ್ಬರಿದ್ದಾರೆ ಕಣ್ರೋ! ಎಲ್ಲಿದ್ದೀಯೋ?”

“ಬ್ಯಾಂಕಿನ ಮುಂದೆ ಸರ್!”

ಮೋಟಾರು ದೋಣಿ ಬಂತು. ಹಗ್ಗ ಬಿಗಿದ ಮೇಲೂ ಗಿಣಿಯ ಕೈ ಕಂಬ ಬಿಡಲೊಲ್ಲದು. ಮೇಜರೇ ಒಂದೊಂದು ಬೆರಳು ಬಿಡಿಸಿದರು.

“ತಪ್ಪಾಯ್ತು ಸರ್,” ಅಂದ, ತೀರಾ ಸಣ್ಣಗೆ.

“ಇದ್ಯಾರ ದನಿಯೋ?”

“ನಂದೇ ಸರ್.”

“ಹೌದಾ? ಇದೂ ಇದೆಯಾ ನಿನ್ನ ಹತ್ರ,” ಅಂದು ಮೇಜರ್ ಅವನ ಹೆಗಲಿಗೆ ಕಂಬಳಿ ಹೊದಿಸಿದರು.