ಗೋಡೆಮಾವನ ಐದು ನಕ್ಷತ್ರ

ಅಂಗಡಿಯ ಹೊಸ್ತಿಲಿನಿಂದ ಆಚೆಗೆ ಅವರು ನನ್ನನ್ನು ಒಮ್ಮೆಯೂ ಗುರುತಿಸಿದವರಲ್ಲ. ಒಳಗೆ, ಕನ್ನಡಿಯ ಮುಂದೆ, ನನ್ನ ನೆತ್ತಿಯನ್ನು ನನ್ನ ಹೆಂಡತಿಗಿಂತ, ಎಣ್ಣೆ ತಿಕ್ಕಿ ಬೆಳೆಸಿದ ಅಜ್ಜಿಗಿಂತ ಚೆನ್ನಾಗಿ ಬಲ್ಲ ಈ ಮನುಷ್ಯ, ಬೀದಿಯಲ್ಲಿ ಎದುರಾದರೆ ನನ್ನ ಭುಜದಾಚೆಯ ಯಾವುದೋ ಶೂನ್ಯವನ್ನು ದಿಟ್ಟಿಸುತ್ತ, ಒಂದು ಹೆಗಲನ್ನು ಮುಂದೆ ಮಾಡಿ, ಗೋಡೆಗೆ ಮೈ ಒರಸಿಕೊಂಡು ಓರೆಯಾಗಿ ನಡೆದುಹೋಗಿಬಿಡುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಯಾರದೋ ಮದುವೆಯಲ್ಲಿ ಊಟಕ್ಕೆ ಅಕ್ಕಪಕ್ಕ ಕುಳಿತುಕೊಳ್ಳುವ ಯೋಗ ಬಂತು. ನಾನೇ ಮೇಲೆ ಬಿದ್ದು ಚೆನ್ನಾಗಿದ್ದೀರಾ ಎಂದು ಕೇಳಿದರೆ, ಆ ಮಹಾನುಭಾವರು ನನ್ನ ಕಡೆ ತಿರುಗಿ, ಅತ್ಯಂತ ವಿನಯದಿಂದ, ತಾವು ಯಾರೆಂದು ತಿಳಿಯಲಿಲ್ಲ ಎಂದುಬಿಟ್ಟರು. ಮರುವಾರ ಅಂಗಡಿಗೆ ಹೋಗಿ ಜಗಳ ತೆಗೆದೆ. ಅವರು ಬಾಚಣಿಗೆಯನ್ನು ಕೆಳಗಿಡಲೂ ಇಲ್ಲ.

"ನಿಮ್ಮನ್ನ ಬಲ್ಲೆ ಅಂದ್ರೆ, ಹೇಗೆ ಬಲ್ಲೆ ಅಂತ ಪಕ್ಕದವರು ಕೇಳ್ತಾರೆ ಸ್ವಾಮಿ. ನಾವೇನೂ ನೋಡಿಲ್ಲ, ಬಿಡಿ."

ಈ ವಯಸ್ಸಿನಲ್ಲಿ ಮುಚ್ಚುಮರೆ ಯಾಕೆ, ಹೇಳಿಯೇಬಿಡುತ್ತೇನೆ: ಅವರು ವಿಗ್ಗು ಕಟ್ಟುವವರು, ನಾನು ಅವರ ಗಿರಾಕಿ. ಬೀದಿಯವರು ಆ ಓರೆ ನಡಿಗೆಯನ್ನು ನೋಡಿ ಅವರಿಗೆ ಗೋಡೆಮಾವ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಸ್ವಂತ ಮಗಳ ಬಾಯಲ್ಲೂ ಅದೇ ಹೆಸರು. ಬೇಸಿಗೆಯಿರಲಿ ಚಳಿಯಿರಲಿ, ಮೊಣಕಾಲು ಮುಟ್ಟುವ ಬೂದುಬಣ್ಣದ ಕೋಟೊಂದು ಅವರ ಮೈಬಿಟ್ಟು ಇಳಿಯುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಕೂದಲೇ ಕೂದಲು: ಕಪ್ಪು, ಕಂದು, ಅರೆನರೆ, ಪೂರ್ತಿ ನರೆ, ಒಂದೊಂದು ಜೇಬಿನಲ್ಲಿ ಒಂದೊಂದು ವಯಸ್ಸು. ಐವತ್ತು ದಾಟಿದ ಮೇಲೆ ನನಗೆ ಕಾಡಿಗೆಯಂಥ ಕಪ್ಪೇ ಬೇಕೆಂದು ನಾನು ಹಟ ಹಿಡಿದಾಗ, ಅವರು ವಾದಕ್ಕಿಳಿಯದೆ ಕಪ್ಪಿನ ಜೇಬಿನಿಂದ ಒಂದು ಹಿಡಿ, ನರೆಯ ಜೇಬಿನಿಂದ ಒಂದು ಚಿಟಿಕೆ ತೆಗೆದು, ಎರಡನ್ನೂ ಬೆರೆಸಿ, ಎಳೆ ಎಳೆಯಾಗಿ ಕೊಕ್ಕೆಸೂಜಿಯಿಂದ ವಿಗ್ಗಿನ ಬಲೆಗೆ ಗಂಟು ಹಾಕುತ್ತ ಕುಳಿತರು. ಜನ ನಂಬುವುದು ಆ ಚಿಟಿಕೆಯನ್ನೇ ಹೊರತು ಹಿಡಿಯನ್ನಲ್ಲ ಎಂಬುದು ಅವರ ಸಿದ್ಧಾಂತವಾಗಿತ್ತು.

ಅಂಗಡಿಗೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಬಂದವರು ಹಿಂದಿನ ಓಣಿಯ ಬಾಗಿಲಿನಿಂದ ಹೋಗಬೇಕು. ಒಬ್ಬ ಗಿರಾಕಿ ಇನ್ನೊಬ್ಬನ ಮುಖ ನೋಡಕೂಡದು. ಅಕಸ್ಮಾತ್ ಇಬ್ಬರು ಒಟ್ಟಿಗೆ ಬಂದರೆ ನಡುವೆ ದಪ್ಪನೆಯ ಪರದೆಯೊಂದು ಎಳೆಯಲ್ಪಡುತ್ತಿತ್ತು, ಪರದೆಯ ಆ ಕಡೆ ಕೆಮ್ಮಿದವರು ಯಾರೆಂದು ಈ ಕಡೆಯವರು ಊಹಿಸಬಾರದು. ಮೇಲಿನ ಹಲಗೆಯಲ್ಲಿ ಸಾಲಾಗಿ ಕುಳಿತ ಮರದ ತಲೆಗಳಿಗೆ ಕಣ್ಣು ಕೆತ್ತಿರಲಿಲ್ಲ. ಕೆತ್ತಿಸಬೇಡವೆಂದು ಅವರೇ ಹೇಳಿದ್ದರಂತೆ. 'ನಾವೇನೂ ನೋಡಿಲ್ಲ, ಬಿಡಿ' ಎಂಬ ಮಾತಂತೂ ಅವರ ಬಾಯಿಗೆ ಹೇಗೆ ಅಂಟಿಕೊಂಡಿತ್ತೆಂದರೆ, ಕರೆಂಟು ಹೋದರೂ ಅದೇ, ಎದುರುಮನೆಯಲ್ಲಿ ಗಂಡಹೆಂಡಿರ ಜಗಳವಾದರೂ ಅದೇ, ನನ್ನ ಅಂಗಿಯ ಗುಂಡಿ ಕಿತ್ತುಹೋಗಿದ್ದರೂ ಅದೇ.

ಇಂಥ ಅಂಗಡಿ ಇಷ್ಟು ವರ್ಷ ನಡೆದದ್ದೇ ದೊಡ್ಡದು. ನಮ್ಮ ಕಿವಿಗೆ ಯಾರೋ ಉಸುರಿದ್ದರು, ನಾವು ಇನ್ಯಾರ ಕಿವಿಗೋ ಉಸುರಬೇಕಿತ್ತು. ಆದರೆ ಉಸುರಿದರೆ ನಮ್ಮ ಗುಟ್ಟೇ ರಟ್ಟಾಗುವ ಭಯಕ್ಕೆ ನಾವು ಬಾಯಿ ಹೊಲಿದುಕೊಂಡಿದ್ದೆವು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮೇಲಕ್ಕೆ ಹೋಗುತ್ತಿದ್ದರು, ಅಲ್ಲಿ ಯಾರಿಗೂ ವಿಗ್ಗಿನ ಅಗತ್ಯವಿರುವಂತಿಲ್ಲ. ಅಷ್ಟರಲ್ಲಿ ದೊಡ್ಡರಸ್ತೆಯಲ್ಲಿ ಗಾಜಿನ ಶೋರೂಮೊಂದು ತೆರೆಯಿತು. ಮೊಬೈಲಿನಲ್ಲಿ ಹುಡುಕಿದರೆ ಅದರ ಹೆಸರಿನ ಕೆಳಗೆ ನಕ್ಷತ್ರಗಳ ಜಾತ್ರೆ. ಗೋಡೆಮಾವನ ಅಂಗಡಿ ಹುಡುಕಿದರೆ ಖಾಲಿ ಆಕಾಶ.

ಅವರ ಮಗಳಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಲಂಗ ತೊಡುವ ವಯಸ್ಸಿನಿಂದ ಅಪ್ಪನ ಪಕ್ಕ ಕುಳಿತು ಕೊಕ್ಕೆಸೂಜಿ ಹಿಡಿದವಳು, ಬೇರೆ ಕೆಲಸ ಬಂದರೂ ಬೇಡವೆಂದವಳು, ಈ ಅಂಗಡಿ ತನ್ನದಾಗಬೇಕೆಂದು ಮನಸ್ಸಿಟ್ಟು ಕೂತವಳು. ವರ್ಷ ಕಳೆಯುವುದರೊಳಗೆ ಹೊಸ ಮುಖಗಳು ಬರದಿದ್ದರೆ ಬಾಗಿಲು ಹಾಕಿ ಆ ಶೋರೂಮಿನಲ್ಲೇ ಕೆಲಸಕ್ಕೆ ನಿಲ್ಲುತ್ತೇನೆ ಎಂದು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಅಲ್ಲಿ ಯಂತ್ರದಲ್ಲಿ ಹೊಲಿದ ವಿಗ್ಗನ್ನು ಡಬ್ಬಿಯಿಂದ ತೆಗೆದುಕೊಡುವುದಷ್ಟೇ ಕೆಲಸ, ಗಂಟು ಹಾಕುವುದಕ್ಕೆ ಯಾರೂ ಬೇಕಿಲ್ಲ. ಅವಳೇ ಕ್ಯೂಆರ್ ಕೋಡಿನ ಒಂದು ಕಾರ್ಡು ಮಾಡಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿ, ಪ್ರತಿ ಗಿರಾಕಿಗೂ ಎದ್ದು ಹೋಗುವ ಮುನ್ನ ರಿವ್ಯೂ ಬರೆಯಿರೆಂದು ಕೇಳಲೇಬೇಕೆಂದು ಕಟ್ಟಪ್ಪಣೆ ಮಾಡಿದಳು.

ಕೇಳುವುದೆಂದರೆ ಆ ಮನುಷ್ಯನಿಗೆ ಪ್ರಾಣಸಂಕಟ. ಮರದ ತಲೆಗಳ ಮುಂದೆ ನಿಂತು ಅವರು ಅಭ್ಯಾಸ ಮಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ: ನಮ್ಮ ಬಗ್ಗೆ ನಾಲ್ಕು ಮಾತು ಬರೀರಿ, ತೊಂದರೆ ಇಲ್ಲದಿದ್ರೆ, ಬರೀದಿದ್ರೂ ಪರವಾಗಿಲ್ಲ, ಬರೆಯೋದೇ ಬೇಡ ಬಿಡಿ. ಒಂದೇ ಉಸಿರಿನಲ್ಲಿ ಬೇಡಿಕೆಯೂ ಅದರ ವಾಪಸಾತಿಯೂ ಮುಗಿದುಹೋಗುತ್ತಿತ್ತು. ಕೇಳುವಾಗ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೋಟಿನ ಜೇಬಿಗೆ ಕೈಹಾಕಿ ಕೂದಲು ಹೊಸೆಯುತ್ತ ನಿಲ್ಲುತ್ತಿದ್ದರು. ಅದನ್ನು ನೋಡಿ ನನಗೇ ಸುಸ್ತಾಗುತ್ತಿತ್ತು. ಅರುವತ್ತೈದು ದಾಟಿದವರ ಕೈಗೆ ಇಂಥ ಭಿಕ್ಷಾಪಾತ್ರೆ ಕೊಟ್ಟ ಕಾಲಕ್ಕೆ ಏನು ಹೇಳೋಣ.

ಆದರೂ ಕರುಣೆಗೋ ದಾಕ್ಷಿಣ್ಯಕ್ಕೋ ಜನ ಬರೆದರು. ಬರೆದದ್ದೇನು ಅಂತೀರಿ! ವಿಗ್ಗಿನ ಮಾತೆತ್ತಿದರೆ ಸಿಕ್ಕಿಬೀಳುತ್ತೇವೆಂದು ಒಬ್ಬೊಬ್ಬರೂ ಉಳಿದದ್ದನ್ನೆಲ್ಲ ಹೊಗಳಿದರು. ಒಬ್ಬರು ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದರು. ಇನ್ನೊಬ್ಬರು ಕುಡಿಯಲು ನೀರು ಕೊಟ್ಟರು, ತಣ್ಣಗಿತ್ತು ಎಂದರು. ಕುರ್ಚಿಯ ಮೆತ್ತೆಗೆ ಐದು ನಕ್ಷತ್ರ ಬಂತು. ನಾನೂ ಬಹಳ ಯೋಚಿಸಿ, ಮೆಟ್ಟಿಲು ಎತ್ತರವಿಲ್ಲ, ಮಂಡಿನೋವಿನವರಿಗೆ ಅನುಕೂಲ ಎಂದು ಬರೆದೆ. ಎಲ್ಲವನ್ನೂ ಒಟ್ಟಿಗೆ ಓದಿದವರಿಗೆ ಅದು ಮಂಡಿನೋವಿನ ಆಸ್ಪತ್ರೆಯೋ ಪೀಠೋಪಕರಣದ ಮಳಿಗೆಯೋ ತಿಳಿಯುವಂತಿರಲಿಲ್ಲ. ನಡುವೆ ಯಾವನೋ ಪುಣ್ಯಾತ್ಮ ಕ್ಷೌರದಂಗಡಿಯೆಂದುಕೊಂಡು ಬಂದು, ಇಲ್ಲಿ ಕೂದಲು ಕತ್ತರಿಸುವುದಿಲ್ಲವಂತೆ, ಮೋಸ ಎಂದು ಒಂದೇ ನಕ್ಷತ್ರ ಕೊಟ್ಟು ಹೋಗಿದ್ದ. ಮಗಳು ತಲೆ ಚಚ್ಚಿಕೊಂಡಳು. ಆದರೆ ವಿಚಿತ್ರ ನೋಡಿ, ಆ ಪೀಠೋಪಕರಣದ ನಕ್ಷತ್ರಗಳನ್ನೇ ನಂಬಿ ಒಬ್ಬಿಬ್ಬರು ಹೊಸಬರು ಬಂದರು, ಅವರಲ್ಲೊಬ್ಬರು ತಲೆಯ ಅಳತೆಯನ್ನೂ ಕೊಟ್ಟರು. ಅವಳ ಮುಖ ಅರಳಿದ್ದು ಎಷ್ಟೋ ತಿಂಗಳ ಮೇಲೆ.

ಬಂದ ಪ್ರತಿ ಮಾತಿಗೂ ಅಂಗಡಿಯವರು ಉತ್ತರ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆಂದು ಅವಳು ಎಲ್ಲೋ ಓದಿದ್ದಳು. ಉತ್ತರವನ್ನು ತಾನೇ ಬರೆಯುತ್ತೇನೆಂದು ಗೋಡೆಮಾವ ಮುಂದೆ ಬಂದಾಗ ನನಗೂ ಆಶ್ಚರ್ಯವಾಯಿತು. ಕೇಳುವುದು ಕಷ್ಟ, ಕೃತಜ್ಞತೆ ಹೇಳುವುದು ಅವರಿಗೆ ಸಲೀಸು. ಒಳಕೋಣೆಯಲ್ಲಿ, ಪರದೆ ಎಳೆದುಕೊಂಡು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಒತ್ತುತ್ತ ಕೂರುತ್ತಿದ್ದರು. ಈಗ ಯೋಚಿಸಿದರೆ ಹೊಳೆಯುತ್ತದೆ: ಅಂಗಡಿಯ ಒಳಗೆ ಕುಳಿತು ಆಡಿದ ಮಾತು ಅಂಗಡಿಯ ಒಳಗೇ ಉಳಿಯುತ್ತದೆಂದು ಒಂದು ಜನ್ಮವೆಲ್ಲ ನಂಬಿ ನಡೆದವರು ಅವರು. ಪರದೆ ಎಳೆದಿದೆಯಲ್ಲ, ಇನ್ನು ಕೇಳುವವರು ಯಾರು?

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರೊಬ್ಬರು ಕನ್ನಡಿ ಸ್ವಚ್ಛವಾಗಿದೆ, ಬೆಳಕು ಚೆನ್ನಾಗಿದೆ ಎಂದು ತಮ್ಮ ಹೆಸರು, ಫೋಟೋ ಸಹಿತ ಬರೆದಿದ್ದರು. ಕಾಯಿಲೆಯೊಂದರ ಔಷಧಿಗೆ ಅವರ ಕೂದಲೆಲ್ಲ ಉದುರಿಹೋಗಿತ್ತು. ಕಾಯಿಲೆಯ ಸಂಗತಿ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಡೆಮಾವ ಅವರಿಗೆ, ಎದುರಿಗೆ ಕೂರಿಸಿಕೊಂಡು ಮಾತಾಡಿದಷ್ಟೇ ಅಕ್ಕರೆಯಿಂದ, ಉತ್ತರ ಬರೆದರು: ಅಮ್ಮಾ, ಸೆಕೆಗೆ ಹಣೆಯ ಹತ್ತಿರ ಅಂಟು ಬಿಡುತ್ತದೆ, ಬಂದರೆ ಸರಿ ಮಾಡಿಕೊಡುತ್ತೇನೆ, ಔಷಧಿ ಮುಗಿಯಿತೇ, ನಿಮ್ಮ ಸ್ವಂತ ಕೂದಲು ಎಷ್ಟು ಬಂತು, ಧೈರ್ಯವಾಗಿರಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳ ಕಣ್ಣಿಗೆ ಬಿದ್ದು ಅವಳು ಅದನ್ನು ಅಳಿಸುವಷ್ಟರಲ್ಲಿ ಟೀಚರ ಸಹೋದ್ಯೋಗಿಯೊಬ್ಬರು ಅದರ ಚಿತ್ರ ತೆಗೆದು ಹಂಚಿಯಾಗಿತ್ತು. ಟೀಚರ ಮನೆಗೆ ಹೋಗಿ ಕ್ಷಮೆ ಕೇಳಿ ಬಾ ಅಪ್ಪ ಎಂದು ಅವಳು ಗೋಗರೆದಳು. ಅವರು ಹೋಗಲಿಲ್ಲ. ತಾನು ಅವರ ಬಾಗಿಲು ತಟ್ಟಿದರೆ ನೆರೆಹೊರೆಗೂ ಹೇಳಿದಂತಾಗುತ್ತದೆ ಎಂಬುದು ಅವರ ವಾದ; ಫೋನು ಮಾಡಿದರೆ ಪಕ್ಕದಲ್ಲಿ ಯಾರಿರುತ್ತಾರೋ. ಕ್ಷಮೆ ಕೇಳುವುದಕ್ಕೂ ಅವರ ಕಸುಬು ದಾರಿ ಬಿಟ್ಟಿರಲಿಲ್ಲ. ಅನ್ನ ಬಿಟ್ಟರು, ಕೆಲಸ ಬಿಡಲಿಲ್ಲ. ಮುಂದಿನ ಬಾಗಿಲು ಕಿರ್ ಎಂದಾಗಲೆಲ್ಲ ಕೈಯ ಸೂಜಿ ನಿಂತುಬಿಡುತ್ತಿತ್ತು.

ಟೀಚರು ಬಂದದ್ದು ನಾನಿದ್ದ ದಿವಸವೇ. ನನ್ನ ನೆತ್ತಿಗೆ ಹೊಸ ಅಂಟು ಬಳಿದು, ಅದು ಹದವಾಗಿ ಆರುವವರೆಗೆ ಅಲುಗಬೇಡಿ ಎಂದು ಹೇಳಿ ನನ್ನನ್ನು ಪರದೆಯ ಹಿಂದೆ ಕೂರಿಸಿದ್ದರು. ವಿಗ್ಗು ಮರದ ತಲೆಯ ಮೇಲೆ, ನಾನು ಬೋಳುತಲೆಯಲ್ಲಿ. ಎದ್ದು ಹೋಗುವ ಹಾಗೂ ಇಲ್ಲ, ಕಿವಿ ಮುಚ್ಚಿಕೊಳ್ಳುವ ಹಾಗೂ ಇಲ್ಲ. ಹೆಜ್ಜೆಯ ಸದ್ದಿನಲ್ಲೇ ಗೋಡೆಮಾವನಿಗೆ ಗೊತ್ತಾಯಿತೆಂದು ಕಾಣುತ್ತದೆ. ಕೂತ್ಕೊಳ್ಳಿ ಅಮ್ಮಾ ಎಂದ ಧ್ವನಿ ಅವರದೆಂದು ನಂಬಲಾಗಲಿಲ್ಲ. ಕುರ್ಚಿ ಎಳೆದ ಸದ್ದು ಕೇಳಿಸಲಿಲ್ಲ, ಆಕೆ ನಿಂತೇ ಇದ್ದಿರಬೇಕು. ತಪ್ಪಾಯಿತು ಎಂದು ಇವರು ಶುರುಮಾಡಿದರು, ಮಗಳೂ ಏನೋ ಹೇಳಹೊರಟಳು. ಆಕೆ ಇಬ್ಬರನ್ನೂ ತಡೆದರು. ಕೋಪವಿರಲಿಲ್ಲ. ದಿನವಿಡೀ ತರಗತಿಯಲ್ಲಿ ಕೂಗಿ ಬಂದವರ ಬಳಲಿಕೆಯಿತ್ತು, ಅಷ್ಟೆ.

"ಎಲ್ಲರೂ ಪಾಪ ಅಂತಾರೆ. ನನ್ನ ಹಣೆ ನೋಡ್ಕೊಂಡು ಮಾತಾಡ್ತಾರೆ. ನಿಮ್ಮ ಮೇಲೆ ಕೆಟ್ಟದಾಗಿ ಬರೀಬೇಕು ಅಂತ ನಿನ್ನೆ ಮೊಬೈಲು ಹಿಡ್ಕೊಂಡು ಕೂತೆ. ಏನಂತ ಬರೀಲಿ? ಇಷ್ಟು ದಿನ ಒಬ್ಬರಿಗೂ ಗೊತ್ತಾಗಲಿಲ್ಲ, ನೀವೇ ಹೇಳೋವರೆಗೆ."

ಆಮೇಲೆ, ಇನ್ನು ಈ ವಿಗ್ಗು ತನಗೆ ಬೇಡ, ತೆಗೆದುಬಿಡಿ ಎಂದು ಆಕೆ ಹೇಳಿದ್ದು ಕೇಳಿಸಿತು. ಮಗಳು ಬೇಡವೆಂದು ಅಂಗಲಾಚಿದಳು, ಗೋಡೆಮಾವ ಅಂಟು ಬಿಡಿಸುವ ಎಣ್ಣೆ ತೆಗೆದದ್ದು ವಾಸನೆಯಿಂದಲೇ ತಿಳಿಯಿತು. ಹಿಂದಿನ ಬಾಗಿಲು ತೆಗೆದಿಟ್ಟಿದ್ದರೂ ಕಿರ್ ಎಂದದ್ದು ಮುಂದಿನ ಬಾಗಿಲು; ಟೀಚರು ಅಲ್ಲಿಂದಲೇ, ಜನ ಓಡಾಡುವ ಬೀದಿಗೆ, ಬರಿದಲೆಯಲ್ಲಿ ನಡೆದುಹೋದರು. ಅದನ್ನು ಧೈರ್ಯವೆಂದು ಕರೆದು ಚಪ್ಪಾಳೆ ತಟ್ಟುವವರು ತಟ್ಟಲಿ. ನಾನು ಕೇಳಿದ ದನಿಯಲ್ಲಿ ಇದ್ದದ್ದು ಧೈರ್ಯವಲ್ಲ, ಸಾಕಾಗಿಹೋಗಿತ್ತು, ಅಷ್ಟೆ.

ಗೋಡೆಮಾವ ಪರದೆ ಸರಿಸಿದಾಗ ಅವರ ಕೈಯಲ್ಲಿ ಆ ವಿಗ್ಗು ಬೆಚ್ಚಗಿನ ಪ್ರಾಣಿಯ ಹಾಗೆ ಮಲಗಿತ್ತು. ಅಂಗಡಿಯನ್ನು ಮೊಬೈಲಿನಿಂದ ಪೂರ್ತಿ ತೆಗೆದುಹಾಕು ಎಂದು ಮಗಳಿಗೆ ಹೇಳಿದರು. ಅವಳು ಸುಮ್ಮನಿರಲಿಲ್ಲ, ತಪ್ಪು ಒಂದು ಉತ್ತರದ್ದು, ಅದು ಅಳಿಸಿಯಾಗಿದೆ, ಈಗ ತಾನೆ ಹೊಸ ಗಿರಾಕಿಗಳು ಬರುತ್ತಿದ್ದಾರೆ, ತೆಗೆದರೆ ತಾನು ನಾಳೆಯೇ ಶೋರೂಮಿಗೆ ಹೋಗಿ ನಿಲ್ಲಬೇಕಾಗುತ್ತದೆ ಎಂದು ಅತ್ತಳು, ಗೋಡೆಮಾವ ಎಂದು ಬೈದಳು.

"ಹೋಗು ಮಗಳೇ," ಎಂದರು ಅವರು. "ಕೆಲಸ ಎಲ್ಲಿದ್ರೂ ಮಾಡಬಹುದು. ಜನ ನಮ್ಮ ಹತ್ರ ಬರ್ತಿದ್ದದ್ದು ಕೂದಲಿಗಲ್ಲ, ನಂಬಿಕೆಗೆ. ಅದು ನನ್ನ ಕೈಯಿಂದಲೇ ಹೋಯ್ತು."

ಅವಳು ಹೋದಳು. ಈಗ ಗಾಜಿನ ಹಿಂದೆ ನಿಂತು ಡಬ್ಬಿಗಳನ್ನು ತೆರೆಯುತ್ತಾಳೆ, ಸಂಜೆ ಅಪ್ಪನ ಪಕ್ಕ ಬಂದು ಕೂರುತ್ತಾಳೆ, ಸೂಜಿ ಮಾತ್ರ ಮುಟ್ಟುವುದಿಲ್ಲ. ಅಂಗಡಿ ನಮ್ಮಂಥ ಹಳಬರಿಗಾಗಿ ಇನ್ನೂ ತೆರೆದಿದೆ. ನಾವು ಮುಗಿದ ದಿನ ಅದೂ ಮುಗಿಯುತ್ತದೆ. ಅವರನ್ನು ಹೊಗಳಿ ಎಲ್ಲಾದರೂ ನಿಜವಾದ ನಾಲ್ಕು ಸಾಲು ಬರೆಯಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡೆ. ಅಂಗಡಿ ಮೊಬೈಲಿನಿಂದ ಹೋದ ಮೇಲೆ ಬರೆಯುವುದಕ್ಕೆ ಜಾಗವೂ ಉಳಿದಿರಲಿಲ್ಲ.

ಲೋಕದಲ್ಲಿ ಇಂಥವರದೇ ಒಂದು ಪಂಗಡವಿದೆ: ಹುಣ್ಣಿಗೆ ಔಷಧಿ ಕಟ್ಟಿದವರು, ಒಡೆದ ಸಂಸಾರಕ್ಕೆ ಗುಟ್ಟಾಗಿ ತೇಪೆ ಹಾಕಿದವರು, ಕುಡಿದು ಬಿದ್ದ ದೊಡ್ಡಮನುಷ್ಯನನ್ನು ಎತ್ತಿ ಮನೆ ಸೇರಿಸಿ ಮರುದಿನ ಅವನಿಗೇ ನಮಸ್ಕಾರ ಹೇಳಿದವರು. ನಮ್ಮ ಅತ್ಯಂತ ದೀನವಾದ ಮುಖವನ್ನು ನೋಡಿದ ಈ ಜನಕ್ಕೆ ನಾವು ಎಷ್ಟು ಋಣಿಗಳೋ, ಅವರ ಹೆಸರೆತ್ತಲು ಅಷ್ಟೇ ಅಂಜುತ್ತೇವೆ. ಅವರನ್ನು ಹೊಗಳಬೇಕಾದರೆ ಮೊದಲು ನಾವು ನಾಲ್ಕು ಜನರೆದುರು ಬಯಲಾಗಬೇಕು. ಅಷ್ಟು ಗಟ್ಟಿತನ ನಮ್ಮಲ್ಲಿದ್ದಿದ್ದರೆ ನಾವು ಅವರ ಹತ್ತಿರಕ್ಕೇ ಹೋಗುತ್ತಿರಲಿಲ್ಲ.