ಮುಷ್ಟಿಯೊಳಗಿನ ಎರಡು ಗಂಟೆ

ಮೂರೇ ದಿನದಲ್ಲಿ ಒಂದು ಬೀದಿಯ ಬದುಕನ್ನು ಅರಿತು ವರದಿ ಬರೆಯಬೇಕಂತೆ! ಕಚೇರಿಯಲ್ಲಿ ಕೂತವರಿಗೇನು, ಹೇಳಿಬಿಡುತ್ತಾರೆ. ಕಾಲು ಸವೆಸುವವಳು ಇವಳು. ಮನೆಮನೆಗೆ ನಲ್ಲಿ ಬಂದಮೇಲೆ ಜನಕ್ಕೆ ಏನು ಅನುಕೂಲವಾಯಿತು ಎಂದು ತಿಳಿಯಲು ಬಂದವಳು, ಹೆಂಗಸರ ಮುಂದೆ ಇಪ್ಪತ್ತನಾಲ್ಕು ಕಾಳು ಸುರಿದು, "ಒಂದು ಕಾಳು ಒಂದು ಗಂಟೆ. ನಿಮ್ಮ ದಿನ ಹಂಚಿ ತೋರಿಸಿ" ಅನ್ನುತ್ತಿದ್ದಳು. ಮೊದಲ ದಿನವೇ ಬೀದಿಯವರು 'ಕಾಳು ಮೇಡಂ' ಎಂದು ಹೆಸರಿಟ್ಟಾಗಿತ್ತು.

ಕೊನೆಯ ಮಧ್ಯಾಹ್ನ ಇಸ್ತ್ರಿಯವಳ ಮನೆ. ಆಕೆ ನಿದ್ದೆಗೆ ಏಳು, ಅಡುಗೆಗೆ ನಾಲ್ಕು, ಮನೆಗೆಲಸಕ್ಕೆ ಮೂರು, ಇಸ್ತ್ರಿಗೆ ಎಂಟು ಕಾಳಿಟ್ಟು ಮುಷ್ಟಿ ಬಿಗಿಹಿಡಿದಳು.

"ಇನ್ನೆರಡು?"

"ಮೊದಲು ನೀರಿಗೆ ಹೋಗ್ತಿದ್ವು. ಈಗ ಸುಮ್ನೆ ಕೂರ್ತೀನಿ."

"ಸುಮ್ನೆ ಅಂದ್ರೆ?"

"ಅಯ್ಯೋ, ಸುಮ್ನೆ ಅಂದ್ರೆ ಸುಮ್ನೆ ಕಣ್ರೀ!"

ಕಾಳು ಮೇಡಂ ಪೆಚ್ಚಾದಳು. ನಲ್ಲಿಯಿಂದ ಉಳಿದ ಸಮಯದಲ್ಲಿ ಜನ ದುಡಿದರೆ ಮಾತ್ರ ಮೇಲಿನ ಬೀದಿಗೂ ನಲ್ಲಿ ಎಂದು ಕಚೇರಿ ಹೇಳಿತ್ತು. ಬಾಯಿತಪ್ಪಿ ಅದನ್ನೂ ಹೇಳಿಬಿಟ್ಟಳು.

ಇಸ್ತ್ರಿಯವಳ ಮುಖ ಸಣ್ಣದಾಯಿತು. "ನನ್ನ ತಂಗಿ ಮೇಲಿನ ಬೀದೀಲೇ ಇರೋದು. ಏಳು ತಿಂಗಳ ಬಸುರಿ, ಇನ್ನೂ ಕೊಡ ಹೊರ್ತಾಳೆ." ಮುಷ್ಟಿ ಬಿಚ್ಚಿ ಎರಡೂ ಕಾಳನ್ನು ಇಸ್ತ್ರಿಯ ಗುಡ್ಡೆಗೆ ತಳ್ಳಿದಳು. "ಹತ್ತು ಅಂತ ಬರ್ಕೊಳ್ಳಿ."

ಕಾಳು ಮೇಡಂಗೆ ಬರೆಯಲು ಕೈ ಬರಲಿಲ್ಲ. "ಅಕ್ಕಾ, ಎಲ್ಲಿ ಕೂರ್ತೀರಿ ತೋರಿಸಿ."

ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ತಂತಿಯ ಮೇಲಿನ ಬಿಳಿ ಅಂಗಿಗಳು ಗಾಳಿ ತುಂಬಿಕೊಂಡು, ಒಳಗೆ ಯಾರೋ ಇದ್ದಾರೇನೋ ಅನ್ನಿಸಿ, ಮತ್ತೆ ಖಾಲಿಯಾಗುತ್ತಿದ್ದವು. ಬಿಸಿ ಬಟ್ಟೆಯ ವಾಸನೆ. ದೂರದಲ್ಲೊಂದು ಸೈಕಲ್ ಗಂಟೆ ಕೇಳಿಸಿ ಕರಗಿತು. ಬಿಸಿಲು ಗೋಡೆಯಿಂದ ಇಳಿದು ಅವರ ಪಾದದ ಮೇಲೆ ಬಂದು ಕೂತಿತು. ಎಷ್ಟು ಹೊತ್ತಾಯಿತೋ! ಇಂಥದ್ದೊಂದು ಗಂಟೆ ತನಗೆ ಯಾವತ್ತು ಸಿಕ್ಕಿತ್ತು ಎಂದು ಎಷ್ಟು ಯೋಚಿಸಿದರೂ ಕಾಳು ಮೇಡಂಗೆ ನೆನಪಾಗಲಿಲ್ಲ. ಹೊಟ್ಟೆಕಿಚ್ಚಾಯಿತು.

"ಇದನ್ನೇ ಬರೀತೀನಿ ಅಕ್ಕಾ. ನಲ್ಲಿಯಿಂದ ಆದ ದೊಡ್ಡ ಲಾಭ ಇದೇ ಅಂತ."

ಇಸ್ತ್ರಿಯವಳು ಬೆಚ್ಚಿಬಿದ್ದು ಅವಳ ಕೈ ಹಿಡಿದಳು. "ಬೇಡ ತಾಯಿ. ನೀವು ನಿಜ ಬರೆದು ಊರಿಗೆ ಹೋಗ್ತೀರಿ. ಕೊಡ ಹೊರೋಳು ನನ್ನ ತಂಗಿ."

ಕಾಳು ಮೇಡಂ ಪುಸ್ತಕ ತೆರೆದು 'ಇಸ್ತ್ರಿ: ಹತ್ತು ಗಂಟೆ' ಎಂದು ಬರೆದಳು. ಪಕ್ಕದಲ್ಲಿ ಇಸ್ತ್ರಿಯವಳು ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು.