ಕೇರಿಯ ಬಾವಿ ಹಸಿರಾದ ದಿನ

ಕೂಸಿಗೆ ಮತ್ತೆ ಭೇದಿ ಹತ್ತಿತ್ತು. ಹೊನ್ನೂರಕ್ಕನ ಮೊಮ್ಮಗಳು ದ್ಯಾಮಿಗೆ ಆಗ ಒಂದೂವರೆ ವರ್ಷ. ಹಿಂದಿನ ವಾರ ಓಡಾಡುತ್ತಿದ್ದ ಮಗು ಈಗ ಗೋಡೆ ಹಿಡಿದು ನಿಲ್ಲಲೂ ಆಗದೆ ಜೋಲಿಯಲ್ಲಿ ಬಿದ್ದಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ.

ನಮ್ಮ ಕೇರಿಯಲ್ಲಿ ಸಲಹೆಗೇನು ಬರವೇ? ಹಲ್ಲು ಬರುವಾಗ ಹೀಗೇ ಎಂದರು ಒಬ್ಬರು. ದೃಷ್ಟಿ ತಾಗಿದೆ ಎಂದರು ಇನ್ನೊಬ್ಬರು. ತಾಯಿ ಏನೋ ಉಷ್ಣದ್ದು ತಿಂದಿದ್ದಾಳೆ ಎಂದರು ಮತ್ತೊಬ್ಬರು. ಹೊನ್ನೂರಕ್ಕ ಎಲ್ಲರ ಮಾತನ್ನೂ ಕೇಳಿದಳು. ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಕೂಸಿನ ತಾಯಿ, ತನ್ನ ಮಗಳು ಉಚ್ಚಂಗಮ್ಮ ಬದನೆಕಾಯಿ ತಿನ್ನುವುದನ್ನು ಬಿಡಿಸಿದಳು. ಭೇದಿ ಮಾತ್ರ ನಿಲ್ಲಲಿಲ್ಲ. ಅದರ ಹಿಂದಿನ ವರ್ಷ ಇದೇ ಭೇದಿಯಲ್ಲಿ ಕೇರಿಯ ಎರಡು ಕೂಸು ತೀರಿಕೊಂಡಿದ್ದವು. ಅದು ಎಲ್ಲರ ಮನಸ್ಸಿನಲ್ಲೂ ಇತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಹೇಳುತ್ತಿರುವ ನಾನು ಬೊಮ್ಮಕ್ಕ. ಚನ್ನಗಿರಿಯ ಕೆಳಗಿನ ಕೇರಿಯಲ್ಲಿ ಬಾಲವಾಡಿ ನಡೆಸುತ್ತೇನೆ. ಹೊನ್ನೂರಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ಸಾರಿಗೆ ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ. ಹಾಗಾಗಿ ಇದು ಅವರಿವರಿಂದ ಕೇಳಿದ ಸುದ್ದಿಯಲ್ಲ, ಹೋದ ವರ್ಷ, ಎಂಬತ್ತನಾಲ್ಕರಲ್ಲಿ, ಕಣ್ಣಾರೆ ಕಂಡದ್ದು.

ನರ್ಸ್ ಕಸ್ತೂರಮ್ಮನವರನ್ನು ನಾನೇ ಕರೆದುಕೊಂಡು ಬಂದೆ. ಅವರು ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಅದು ಹಾಗೇ ಮಡಿಕೆಯಾಗಿ ನಿಂತಿತು.

"ಮೈಯಾಗಿನ ನೀರೆಲ್ಲ ಹೋಗೈತೆ ಹೊನ್ನೂರಮ್ಮ. ಉಪ್ಪು ಸಕ್ಕರೆ ನೀರು ಮಾಡಿ ಚಮಚದಾಗೆ ಕುಡಿಸ್ತಾನೇ ಇರ್ರಿ. ನೀರನ್ನ ಮಾತ್ರ ಕುದಿಸಿ ಆರಿಸಿರ್ಬೇಕು, ಮರೀಬ್ಯಾಡ್ರಿ."

ಹೊನ್ನೂರಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪ ತೋಡಿದ ಬಾವಿ ನೀರನ್ನ ಕುದಿಸ್ಬೇಕಾ? ಎಳನೀರಿದ್ದಂಗೆ ಐತೆ! ಕುದಿಸಾಕೆ ಕಟ್ಟಿಗೆ ನೀವು ತಂದು ಕೊಡ್ತೀರೇನ್ರಿ?"

ಆ ಬಾವಿಯ ವಿಷಯಕ್ಕೆ ಬಂದರೆ ಅವಳು ಹಾಗೇ. ಹಿಂದೆ ಮೇಲಿನ ಬೀದಿಯ ಬಾವಿಯ ಕಟ್ಟೆಯನ್ನು ನಮ್ಮವರು ಹತ್ತುವಂತಿರಲಿಲ್ಲ. ದೂರ ನಿಂತು, ಯಾರಾದರೂ ಪುಣ್ಯಾತ್ಮರು ಕೊಡಕ್ಕೆ ಸುರಿದರೆ ನೀರು, ಇಲ್ಲದಿದ್ದರೆ ಖಾಲಿ ಕೊಡ. ಅವಳ ಅಪ್ಪ ಮೂಕಪ್ಪ ಒಂದು ದಿನ ಖಾಲಿ ಕೊಡ ಹೊತ್ತು ಬಂದವನೇ ಹಾರೆ ಹಿಡಿದನಂತೆ. ಒಂದು ಬೇಸಿಗೆ ಪೂರ್ತಿ ಗರಸು ನೆಲ ಅಗೆದು, ಕಲ್ಲು ಒಡೆದು ನೀರು ಕಂಡನಂತೆ. ಕೇರಿಗೆ ಸ್ವಂತದ್ದು ಅಂತ ಇದ್ದದ್ದು ಅದೊಂದೇ.

ಅಂಥ ನೀರನ್ನು ಕುದಿಸುವುದೆಂದರೆ ಅಪ್ಪನಿಗೆ ಅವಮಾನ ಎಂದುಕೊಂಡಳು. ಹಸಿ ನೀರಿನಲ್ಲೇ ಉಪ್ಪು ಸಕ್ಕರೆ ಕದಡಿ ಕುಡಿಸಿದಳು. ಮಾರನೆಯ ದಿನ ಭೇದಿ ಇನ್ನೂ ಜಾಸ್ತಿಯಾಯಿತು.

"ನೋಡೇ ಬೊಮ್ಮಕ್ಕ, ನಿನ್ನ ನರ್ಸಮ್ಮನ ಮದ್ದು! ಕೊಟ್ಟಷ್ಟೂ ಹೆಚ್ಚಾತು!" ಎಂದು ನನ್ನ ಮೇಲೆ ರೇಗಿದಳು. ಅವಳು ನೀರು ಕುದಿಸಿರಲಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಅಯ್ಯೋ ಶಿವನೇ, ನರ್ಸಮ್ಮನೇ ತಪ್ಪು ಹೇಳಿದರೇನೋ ಎಂದು ನನಗೂ ತಲೆ ಕೆಟ್ಟುಹೋಯಿತು.

ಅದೇ ವಾರ ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಕೇರಿಗೆ ಬಂದರು. ಮುಂದಾಳು ತಿಪ್ಪೇರುದ್ರಸ್ವಾಮಿ ಎಂಬ ಹುಡುಗ, ಜಗಳೂರು ಕಡೆಯವನು. ಊರಿನಲ್ಲಿ ಯಾರಿಗೆ ಎಂಥ ನೀರು ಸಿಗುತ್ತದೆ, ಯಾರ ಮನೆಯ ಕೊಳಕು ಎಲ್ಲಿಗೆ ಹೋಗುತ್ತದೆ ಎಂದು ಅವರು ಅಧ್ಯಯನ ಮಾಡುತ್ತಿದ್ದರಂತೆ. ಅಧ್ಯಯನ ಎಂದರೆ ಕೇರಿಯವರಿಗೇನು ಗೊತ್ತು? ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಹೆಸರು ಬರೆದುಕೊಳ್ಳಲು ಬಂದಿದ್ದಾರೆ ಎಂದು ಗಂಡಸರು ಹಿತ್ತಲಿಂದ ಓಡಿದರು. ಹೊನ್ನೂರಕ್ಕನ ತಮ್ಮ ಜಯಪ್ಪ ಮಾತ್ರ ಬಾಗಿಲಿಗೆ ಅಡ್ಡ ನಿಂತ. "ಇವತ್ತು ಕೇಳ್ತಾರೆ, ನಾಳೆ ಗುಡಿಸಲು ಎತ್ತಿಸ್ತಾರೆ. ಯಾರೂ ಬಾಯಿ ಬಿಡಬ್ಯಾಡ್ರಿ!"

"ಅಮ್ಮಾ, ಮನೆಯಾಗೆ ಯಾರಿಗಾದ್ರೂ ವಾಂತಿ ಭೇದಿ ಐತಾ?" ಎಂದು ಹುಡುಗ ಕೇಳಿದ.

"ಯಾರಿಗೂ ಏನೂ ಇಲ್ಲಪ್ಪ, ಎಲ್ಲರೂ ಗಟ್ಟಿಮುಟ್ಟಾಗಿದೀವಿ," ಎಂದಳು ಹೊನ್ನೂರಕ್ಕ. ಅವಳ ಬೆನ್ನ ಹಿಂದೆಯೇ ಜೋಲಿಯಲ್ಲಿ ಕೂಸು ನರಳುತ್ತಿತ್ತು. ಹುಡುಗ ಒಮ್ಮೆ ಜೋಲಿಯ ಕಡೆ ನೋಡಿ ಮುಂದಿನ ಮನೆಗೆ ಹೋದ.

ಅದಾದ ಮೂರನೆಯ ಬೆಳಿಗ್ಗೆ ಬಾವಿಯ ಕಡೆಯಿಂದ ಕೂಗು ಕೇಳಿತು. ಓಡಿಹೋಗಿ ನೋಡಿದರೆ, ಸೇದಿದ ಕೊಡದ ನೀರು ಹಸಿರು! ಪಾಚಿ ಕಟ್ಟಿದ ಹಸಿರಲ್ಲ, ಅಂಗಡಿಯ ಬಳೆಯ ಹಾಗೆ ಹೊಳೆಯುವ ಹಸಿರು. ಇನ್ನೊಂದು ಕೊಡ ಸೇದಿದೆವು, ಅದೂ ಹಾಗೇ.

ಆಗ ಎದ್ದ ಗದ್ದಲ ಏನು ಕೇಳುತ್ತೀರಿ! ಅಮ್ಮ ಮುನಿದಿದ್ದಾಳೆ, ಹರಕೆ ತೀರಿಸಿಲ್ಲ ಎಂದು ಒಬ್ಬಳು ಅಲ್ಲೇ ಕೈಮುಗಿದು ಕೂತಳು. ಮಾಟ ಎಂದಳು ಇನ್ನೊಬ್ಬಳು. "ಮೇಲಿನ ಬೀದಿಯೋರು ವಿಷ ಹಾಕ್ಯಾರೆ! ನಾವು ಮುನ್ಸಿಪಾಲ್ಟಿಗೆ ಹೋಗಿ ನಲ್ಲಿ ಕೇಳಿದ್ವಲ್ಲ, ಅದಕ್ಕೆ!" ಎಂದ ಜಯಪ್ಪ. ದೊಣ್ಣೆ ಕೈಗೆ ಬಂದದ್ದೂ ಆಯಿತು. ನನಗಂತೂ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಒಂದೂ ತಿಳಿಯಲಿಲ್ಲ.

ಅಷ್ಟರಲ್ಲಿ ಆ ಹುಡುಗರೇ ಏದುಸಿರು ಬಿಡುತ್ತಾ ಬಂದರು. ತಿಪ್ಪೇರುದ್ರಸ್ವಾಮಿಯ ಮುಖ ಬಿಳಿಚಿಕೊಂಡಿತ್ತು. "ಹೊಡಿಬ್ಯಾಡ್ರಣ್ಣ, ಯಾರಿಗೂ ಹೊಡಿಬ್ಯಾಡ್ರಿ! ಬಣ್ಣ ನಮ್ದು. ವಿಷ ಅಲ್ಲ."

"ನಮ್ಮ ಬಾವಿಗೆ ಬಣ್ಣ ಹಾಕಾಕೆ ನೀನ್ಯಾವನೋ?" ಜಯಪ್ಪ ಅವನ ಅಂಗಿ ಹಿಡಿದ.

"ಬಾವಿಗೆ ಹಾಕಿಲ್ಲಣ್ಣ! ಮುರುಗೇಶಪ್ಪನೋರ ಲಾಡ್ಜ್ ಐತಲ್ಲ, ಅದರ ಹಿಂದಿನ ಕಕ್ಕಸು ಗುಂಡಿಗೆ ಹಾಕಿದ್ದು. ಅಲ್ಲಿಂದ ಎಲ್ಲಿಗೆ ಹೋಗ್ತೈತೆ ಅಂತ ನೋಡಾಕೆ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಲಾಡ್ಜ್ ಇರುವುದು ಮೇಲೆ, ಬಸ್ ಸ್ಟ್ಯಾಂಡಿನ ಹತ್ತಿರ. ನಮ್ಮ ಬಾವಿ ಇರುವುದು ಇಳಿಜಾರಿನ ಕೆಳಗೆ. ನಡುವೆ ಗೋಡೆ ಇದೆ, ರಸ್ತೆ ಇದೆ. ಅಲ್ಲಿ ಹಾಕಿದ್ದು ಇಲ್ಲಿ ಹೇಗೆ ಬಂತು?

"ಸುಳ್ಳು!" ಎಂದಳು ಹೊನ್ನೂರಕ್ಕ. "ಕತ್ತಲಾಗೆ ಬಂದು ಬಾವಿಗೇ ಸುರಿದು, ಈಗ ಕಥೆ ಕಟ್ತಾರೆ. ನಮ್ಮಪ್ಪನ ಬಾವಿ ಕೆಟ್ಟೈತೆ ಅಂತ ಹೆಸರಿಡಾಕೆ."

ನಾನು ಹುಡುಗನಿಗೆ ಬೈದೆ. "ಲಾಡ್ಜಿನ ಸಾವ್ಕಾರ್ರನ್ನ ಕೇಳಿದ್ರಿ ತಾನೆ?"

"ಕೇಳಿದ್ವಕ್ಕ."

"ನೀರು ಕುಡಿಯೋ ನಮಗೆ ಒಂದು ಮಾತು ಹೇಳಾಕೆ ಏನಾಗಿತ್ತು? ಗುಂಡಿ ಇರೋರ ಅಪ್ಪಣೆ ಬೇಕು, ಬಾವಿ ಇರೋರದ್ದು ಬ್ಯಾಡ್ವಾ?"

ಅವನು ತಲೆ ತಗ್ಗಿಸಿದ. "ತಪ್ಪಾತಕ್ಕ. ಇಲ್ಲಿಗೆ ಬರ್ತೈತೆ ಅಂತ ನಮಗೂ ಗೊತ್ತಿರ್ಲಿಲ್ಲ. ಆದ್ರೂ ಹೇಳ್ಬೇಕಿತ್ತು."

ಹೊನ್ನೂರಕ್ಕ ಸೆರಗು ಬಿಗಿದಳು. "ಹಂಗಾದ್ರೆ ನನ್ನ ಕಣ್ಣ ಮುಂದೆ ಇನ್ನೊಂದು ಸಲ ಹಾಕು. ಬ್ಯಾರೆ ಬಣ್ಣ. ಬಾವಿ ಹತ್ರ ನಮ್ಮೋರು ಕಾವಲು ಕೂರ್ತಾರೆ. ಬಂದ್ರೆ ನಂಬ್ತೀನಿ. ಬರದಿದ್ರೆ ನಿಮ್ಮ ಕಾಲೇಜಿಗೇ ಬಂದು ಕೂರ್ತೀನಿ."

ಹಸಿರು ತಿಳಿಯಾಗುವ ತನಕ ಕಾದೆವು. ಆಮೇಲೆ ಹುಡುಗರು ಕೆಂಪು ಬಣ್ಣ ತಂದರು. ನಾವೆಲ್ಲ ಲಾಡ್ಜಿಗೆ ಹೋದೆವು. ಮುರುಗೇಶಪ್ಪನವರು ಹುಡುಗರನ್ನು ಒಳಗೆ ಬಿಟ್ಟರು. ಹೊನ್ನೂರಕ್ಕ ಹಿತ್ತಲ ಬಾಗಿಲಿಗೆ ಬಂದಾಗ ಕೈ ಅಡ್ಡ ಹಿಡಿದರು. "ನೀನು ಒಳಗೆ ಬರಬ್ಯಾಡ, ಅಡುಗೆಮನೆ ಐತೆ. ಅಲ್ಲೇ ಗೋಡೆ ಹತ್ರ ನಿಂತು ನೋಡು." ಅವಳು ಗೋಡೆಯಾಚೆ ತುದಿಗಾಲಲ್ಲಿ ನಿಂತು ನೋಡಿದಳು. ಕೆಂಪು ಬಣ್ಣ ಗುಂಡಿಗೆ ಬಿತ್ತು.

ಜಯಪ್ಪನೂ ಅವನ ಗೆಳೆಯರೂ ಬಾವಿ ಕಾದರು. ನೊಣ ಕೂಡ ಹತ್ತಿರ ಸುಳಿಯಲು ಬಿಡಲಿಲ್ಲ. ಅಷ್ಟು ದಿನವೂ ಕಸ್ತೂರಮ್ಮನವರು ತಮ್ಮ ಮನೆಯಿಂದ ಕುದಿಸಿದ ನೀರು ತಂದು, ಅದರಲ್ಲೇ ಉಪ್ಪು ಸಕ್ಕರೆ ಕದಡಿ, ಉಚ್ಚಂಗಮ್ಮನ ಕೈಯಲ್ಲಿ ಕೂಸಿಗೆ ಕುಡಿಸಿದರು. ಹೊನ್ನೂರಕ್ಕ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಭೇದಿ ಕಡಿಮೆಯಾಯಿತು. ಕೂಸು ಕಣ್ಣು ಬಿಟ್ಟು ಅಜ್ಜಿಯನ್ನು ನೋಡಿತು.

ಎರಡು ದಿನ ಬಾವಿಯ ನೀರು ತಿಳಿಯಾಗೇ ಇತ್ತು. "ನೋಡಿದ್ರಾ?" ಎಂದು ಹೊನ್ನೂರಕ್ಕ ಕೇರಿಯ ತುಂಬ ಬೀಗಿದಳು. ಮೂರನೆಯ ದಿನ ಮಧ್ಯಾಹ್ನ ಜಯಪ್ಪ ಹಗ್ಗ ಎಳೆದ. ಕೊಡ ಮೇಲೆ ಬಂತು. ನೀರು ನಸುಗೆಂಪಗೆ ಇತ್ತು.

ಹೊನ್ನೂರಕ್ಕ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. "ಅಯ್ಯೋ, ಇದನ್ನಾ ನಾನು ಕೂಸಿನ ಬಾಯಿಗೆ ಹಾಕಿದ್ದು? ನನ್ನ ಕೈಯಾರೆ ಹಾಕಿದ್ನಲ್ಲೇ ಬೊಮ್ಮಕ್ಕ! ನಮ್ಮಪ್ಪನ ಬಾವಿ ಹಿಂಗೆ ಮಾಡ್ತಾ?" ಎಂದು ಎದೆ ಹೊಡೆದುಕೊಂಡು ಅತ್ತಳು. ನನಗೂ ಅಳು ತಡೆಯಲಿಲ್ಲ.

ಕಸ್ತೂರಮ್ಮನವರು ಅವಳ ಪಕ್ಕ ಕೂತರು. "ನಿಮ್ಮಪ್ಪನದು ಏನೂ ತಪ್ಪಿಲ್ಲ ಹೊನ್ನೂರಮ್ಮ. ನೀವು ಸಣ್ಣೋರಿದ್ದಾಗ ಈ ನೀರು ಕುಡಿದು ಯಾರಿಗಾದ್ರೂ ಏನಾದ್ರೂ ಆಗಿತ್ತಾ?"

"ಇಲ್ಲ."

"ಲಾಡ್ಜ್ ಆಗಿ ಎಷ್ಟು ದಿನ ಆತು?"

"ಎರಡು ವರ್ಷ ಆಗಿರ್ಬೇಕು." ತೀರಿಕೊಂಡ ಆ ಎರಡು ಕೂಸುಗಳ ನೆನಪು ಅವಳಿಗೂ ಬಂತು, ನನಗೂ ಬಂತು.

"ಇಲ್ಲಿ ಮಣ್ಣು ಒಂದು ಮೊಳ," ಎಂದ ತಿಪ್ಪೇರುದ್ರಸ್ವಾಮಿ. "ಕೆಳಗೆಲ್ಲ ಗರಸು, ಬಿರುಕು ಬಿಟ್ಟ ಕಲ್ಲು. ಮೇಲಿನ ಗುಂಡಿ ನೀರು ಆ ಬಿರುಕಿನಾಗೆ ಇಳ್ಕೊಂಡು ಕೆಳಗಿನ ಬಾವಿಗೆ ಬರ್ತೈತೆ. ಕಣ್ಣಿಗೆ ಕಾಣಲ್ಲ ಅಷ್ಟೆ. ಬಣ್ಣ ಹಾಕಿದ್ದಕ್ಕೆ ಕಂಡಿತು."

ಹೊನ್ನೂರಕ್ಕ ಎದ್ದಳು. ಆ ಕೆಂಪು ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ನಡೆದೇಬಿಟ್ಟಳು. ಕೇರಿಗೆ ಕೇರಿಯೇ ಹಿಂದೆ ಹೋಯಿತು. ಅವಳು ನೇರ ಲಾಡ್ಜಿನ ಖಾನಾವಳಿಯೊಳಗೆ ನುಗ್ಗಿ ಮುರುಗೇಶಪ್ಪನವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೊಡ ಇಳಿಸಿದಳು. ಊಟ ಮಾಡುತ್ತಿದ್ದವರ ಕೈ ನಿಂತಿತು.

"ಏನಿದು ಹೊನ್ನೂರಮ್ಮ?"

"ನಿಮ್ದೇ ಸಾವ್ಕಾರ್ರೆ. ನಮ್ಮ ಬಾವಿಯಾಗೆ ಸಿಕ್ತು, ವಾಪಸ್ ಕೊಡಾಕೆ ಬಂದೆ."

ಅವರು ಕೊಡದೊಳಗೆ ಬಗ್ಗಿ ನೋಡಿ ತಬ್ಬಿಬ್ಬಾದರು. "ಇದೆಂಗೆ? ಗುಂಡಿ ತೋಡ್ಸಿದ್ದು ನನ್ನ ಜಾಗದಾಗೆ. ನಿಮ್ಮ ಕಡೆಗೆ ನಾನ್ಯಾಕೆ ಬಿಡ್ಲಿ?" ಅವರಿಗೂ ನಿಜವಾಗಿ ಗೊತ್ತಿರಲಿಲ್ಲ ಎಂದೇ ನನಗೆ ಅನ್ನಿಸಿತು.

ಹೊನ್ನೂರಕ್ಕ ಕೊಡದ ಕಡೆ ಕೈ ತೋರಿಸಿದಳು. "ಮೊನ್ನೆ ನಾನು ನಿಮ್ಮ ಹಿತ್ತಲಿಗೆ ಕಾಲಿಡಬಾರ್ದು ಅಂದ್ರಿ. ನಿಂತ್ಕೊಂಡೆ, ಗೋಡೆ ಹೊರಗೇ ನಿಂತ್ಕೊಂಡೆ. ನಿಮ್ಮ ಹಿತ್ತಲು ದಿನಾ ನನ್ನ ಕೊಡದಾಗೆ ಬರ್ತೈತಲ್ರೀ! ನನ್ನ ಮೊಮ್ಮಗಳ ಹೊಟ್ಟೆಯಾಗೆ ಬರ್ತೈತಲ್ರೀ! ಅದಕ್ಕೆ ಯಾರ್ರೀ ಕೈ ಅಡ್ಡ ಹಿಡಿಯೋರು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುರುಗೇಶಪ್ಪನವರ ಹೆಂಡತಿ ಪ್ರೇಮಮ್ಮ, ಕೈಯಲ್ಲಿದ್ದ ಸೌಟು ಕೆಳಗಿಟ್ಟು ಗಂಡನಿಗೆ ಹೇಳಿದರು: "ಆ ಗುಂಡಿ ಮುಚ್ಚಿಸ್ರಿ. ಇವತ್ತೇ."

ಗುಂಡಿ ಮುಚ್ಚಿತು. ಬೇರೆ ಗುಂಡಿಯನ್ನು ಬಾವಿಯಿಂದ ದೂರ, ಇಳಿಜಾರಿನ ಆಚೆ ಬದಿಗೆ ಕಟ್ಟಿಸಿದರು. ನಲ್ಲಿ ಮಾತ್ರ ಅಷ್ಟು ಸುಲಭಕ್ಕೆ ಬರಲಿಲ್ಲ. ಹುಡುಗರು ಊರಿನ ನಕ್ಷೆ ಬರೆದು ಪುರಸಭೆಯವರ ಮುಂದೆ ಹಿಡಿದರು, ಪಕ್ಕದಲ್ಲಿ ನಾವು ಹೆಂಗಸರು ಕೊಡ ಹಿಡಿದು ಕೂತೆವು. ನಾಳೆ ಬನ್ನಿ ಎಂದರು, ನಾಳೆ ಹೋದೆವು. ಮುಂದಿನ ವಾರ ಎಂದರು, ಆಗಲೂ ಹೋದೆವು. ಕೊನೆಗೆ ಬೇಸಿಗೆಯಲ್ಲಿ ಕೇರಿಗೆ ನಲ್ಲಿ ಬಂತು. ಹೊನ್ನೂರಕ್ಕ ಆ ನೀರನ್ನೂ ಕುದಿಸಿಯೇ ಕುಡಿಸುತ್ತಾಳೆ. ಕಟ್ಟಿಗೆ ಇಲ್ಲವೆಂದು ನಮ್ಮ ಮನೆಗೆ ಬಂದು ಕೇಳುತ್ತಾಳೆ, ನಾನು ಗೊಣಗುತ್ತಾ ಕೊಡುತ್ತೇನೆ. ದ್ಯಾಮಿ ನನ್ನ ಬಾಲವಾಡಿಯಲ್ಲಿ ಎಲ್ಲರಿಗಿಂತ ಜೋರು ಗಲಾಟೆ ಮಾಡುತ್ತಾಳೆ.

ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನೀರು ನೋಡಲು ತಿಳಿಯಾಗಿದೆ ಎಂದು ಮೋಸ ಹೋಗಬೇಡಿ. ಕುದಿಸಿ, ಆರಿಸಿ ಕುಡಿಯಿರಿ. ಕೂಸಿಗೆ ಭೇದಿಯಾದರೆ ಅಂಥ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಚಮಚ ಉಪ್ಪು ಹಾಕಿ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಕಕ್ಕಸು ಗುಂಡಿಯನ್ನು ಬಾವಿಯ ಮೇಲ್ಭಾಗದಲ್ಲಿ ತೋಡಬೇಡಿ. ವಿದ್ಯಾರ್ಥಿಗಳು ಬಂದು ನೀರಿನ ವಿಷಯ, ಕಾಯಿಲೆಯ ವಿಷಯ ಕೇಳಿದರೆ ಹೆದರಿ ಮುಚ್ಚಿಡಬೇಡಿ. ಯಾರು, ಯಾಕೆ ಎಂದು ಮೊದಲು ಅವರನ್ನು ಕೇಳಿ, ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ. ಓದುವ ಮಕ್ಕಳೇ, ನೀವೂ ಕೇರಿಯವರಿಗೆ ಹೇಳದೆ ಕೇರಿಯಲ್ಲಿ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಮಣ್ಣಿನೊಳಗೆ ನೀರು ಎತ್ತ ನಡೆಯುತ್ತದೋ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಅದು ಗೋಡೆ ನೋಡಿ ನಿಲ್ಲುವುದಿಲ್ಲ ಎನ್ನುವುದಂತೂ ಗೊತ್ತಾಗಿದೆ. ನೀವು ಎತ್ತರದಲ್ಲಿ ಮನೆ ಕಟ್ಟಿದವರಾದರೆ ಇವತ್ತೇ ಒಮ್ಮೆ ಹಿತ್ತಲಿಗೆ ಹೋಗಿ ನಿಂತು ನೋಡಿ, ನಿಮ್ಮ ಕೆಳಗೆ ಯಾರ ಮನೆಯ ಕೂಸು ನೀರು ಕುಡಿಯುತ್ತಿದೆ ಎಂದು.